ಪಿಂಕ್ ಫ್ಲಾಯ್ಡ್‌ನ ‘ಎ ಕಲೆಕ್ಷನ್ ಆಫ್ ಗ್ರೇಟ್ ಡ್ಯಾನ್ಸ್ ಸಾಂಗ್ಸ್’: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಕೇಳುವವರ ಕಪಾಟಿನಲ್ಲಿ ಈ ಆಲ್ಬಮ್‌ಗೆ ಮುಂದಿನ ಸಾಲಿನಲ್ಲಿ ಜಾಗ ಸಿಗುವುದು ಕಡಿಮೆ. ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಇದೆ, ‘ದಿ ವಾಲ್’ ಇದೆ. ಅಂಥ ಆಲ್ಬಮ್‌ಗಳಿಂದಲೇ ಹೆಕ್ಕಿದ ಆರು ಹಾಡಿಗೆ ಮತ್ತೆ ಯಾಕೆ ದುಡ್ಡು ಕೊಡಬೇಕು ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಹಳೆ ಹಾಡುಗಳ ಗಂಟು ಅಂತ ಬದಿಗಿಟ್ಟರೆ ಒಂದು ಒಳ್ಳೆ ಕಥೆ ಕೈತಪ್ಪುತ್ತದೆ. ಗೆಳೆಯರು ಕೇಳಿದ ಪ್ರಶ್ನೆಗಳ ಜೊತೆ, ನನಗೇ ಬಂದ ಒಂದೆರಡು ಅನುಮಾನಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಇದು ಯಾವ ಆಲ್ಬಮ್? ಇದರಲ್ಲಿ ಹೊಸ ಹಾಡು ಇದೆಯಾ?

1981ರ ನವೆಂಬರ್ 23ಕ್ಕೆ ಬಂದ ಸಂಕಲನ ಇದು. ಹೊಸ ಹಾಡು ಒಂದೂ ಇಲ್ಲ. 1971ರಿಂದ 1979ರವರೆಗೆ ಬಂದ ಐದು ಆಲ್ಬಮ್‌ಗಳಿಂದ ಆರಿಸಿದ ಆರು ಹಾಡುಗಳಿವೆ. ಎಲ್‌ಪಿಯ ಮೊದಲ ಬದಿಯಲ್ಲಿ ‘ಮೆಡಲ್’ ಆಲ್ಬಮ್‌ನ ‘ಒನ್ ಆಫ್ ದೀಸ್ ಡೇಸ್’, ‘ಡಾರ್ಕ್ ಸೈಡ್’ನ ‘ಮನಿ’, ‘ಅನಿಮಲ್ಸ್’ನ ‘ಶೀಪ್’. ಇನ್ನೊಂದು ಬದಿಯಲ್ಲಿ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’, ‘ವಿಶ್ ಯು ವರ್ ಹಿಯರ್’, ಕೊನೆಗೆ ‘ಅನದರ್ ಬ್ರಿಕ್ ಇನ್ ದಿ ವಾಲ್’ನ ಎರಡನೇ ಭಾಗ.

ಹಾಡುಗಳು ಹಳೆಯವು, ಆದರೆ ಎಲ್ಲವೂ ಮೊದಲಿದ್ದ ಹಾಗೇ ಇಲ್ಲ. ಒಂದನ್ನು ಕತ್ತರಿಸಿ ಜೋಡಿಸಿದ್ದಾರೆ. ಒಂದಕ್ಕೆ ಬೇರೆ ಕಡೆಯ ತಲೆ ಅಂಟಿಸಿದ್ದಾರೆ. ‘ಮನಿ’ಯನ್ನಂತೂ ಮೊದಲಿನಿಂದ ಕೊನೆವರೆಗೆ ಹೊಸದಾಗಿ ರೆಕಾರ್ಡ್ ಮಾಡಿದ್ದಾರೆ.

‘ಡ್ಯಾನ್ಸ್ ಸಾಂಗ್ಸ್’ ಅಂತ ಯಾಕೆ? ಇವರ ಹಾಡಿಗೆ ಯಾರು ಕುಣಿಯುತ್ತಾರೆ?

ಯಾರೂ ಕುಣಿಯುವುದಿಲ್ಲ. ತಮಾಷೆ ಇರುವುದೇ ಅಲ್ಲಿ. ಹತ್ತು ನಿಮಿಷದ ಹಾಡು, ನಡುವೆ ಗಾಳಿಯ ಸದ್ದು, ಕುರಿಗಳ ಕೂಗು, ಏಳರ ಲೆಕ್ಕದ ತಾಳ. ಇದನ್ನು ನೃತ್ಯಗೀತೆ ಅಂತ ಕರೆದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡಿದ್ದಾರೆ.

ಈ ತಮಾಷೆ ಅರ್ಥವಾಗದೆ ನಮ್ಮ ಮನೆಯಲ್ಲಿ ಒಂದು ಸಲ ಫಜೀತಿ ಆಗಿತ್ತು. ಅಣ್ಣ ಹಾಸ್ಟೆಲಿನಿಂದ ಈ ಆಲ್ಬಮ್ ತುಂಬಿಸಿಕೊಂಡ ಕ್ಯಾಸೆಟ್ ತಂದಿದ್ದ. ಮೇಲೆ ನೀಲಿ ಪೆನ್ನಿನಲ್ಲಿ ‘ಡ್ಯಾನ್ಸ್ ಸಾಂಗ್ಸ್’ ಅಂತಷ್ಟೇ ಬರೆದಿತ್ತು. ಚಿಕ್ಕಪ್ಪನ ಮಗಳ ಮದುವೆಯ ಹಿಂದಿನ ರಾತ್ರಿ ಹುಡುಗರು ಕುಣಿಯೋಕೆ ಅಂತ ಅದನ್ನೇ ಟೇಪ್ ರೆಕಾರ್ಡರಿಗೆ ಹಾಕಿದರು. ‘ಒನ್ ಆಫ್ ದೀಸ್ ಡೇಸ್’ ಶುರುವಾಗುವುದೇ ಬೀಸುವ ಗಾಳಿಯಿಂದ. ಅಡುಗೆ ಮನೆಯಿಂದ ಚಿಕ್ಕಮ್ಮ, “ಮಳೆ ಬರೋ ಹಾಗಿದೆ, ಮಾಡಿ ಮೇಲಿನ ಬಟ್ಟೆ ತಗೊಂಡು ಬನ್ರೋ” ಅಂತ ಕೂಗಿದರು. ಒಬ್ಬ ನಿಜವಾಗಿಯೂ ಮಾಡಿಗೆ ಓಡಿದ. ಆಮೇಲೆ ಬೇಸ್ ಗಿಟಾರಿನ ಗುಂಯ್‌ಗುಡುವಿಕೆ ಶುರುವಾಯಿತು. ಎರಡು ನಿಮಿಷ ಕಾದು ಕಾದು ಕ್ಯಾಸೆಟ್ ತೆಗೆದು ರಾಜ್‌ಕುಮಾರ್ ಹಾಡು ಹಾಕಿದರು.

ಆರರಲ್ಲಿ ಒಂದೇ ಒಂದಕ್ಕೆ ಕುಣಿಯಬಹುದು, ‘ಅನದರ್ ಬ್ರಿಕ್’ಗೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಆಗ ಈ ಸಂಕಲನ ತರುವ ಅಗತ್ಯ ಏನಿತ್ತು?

ಅಂಗಡಿಗೆ ಕಳಿಸಲು ಹೊಸ ಸರಕು ಇರಲಿಲ್ಲ. ‘ದಿ ವಾಲ್’ ಬಂದು ಎರಡು ವರ್ಷ ಆಗಿತ್ತು. ಮುಂದಿನ ಆಲ್ಬಮ್ ‘ದಿ ಫೈನಲ್ ಕಟ್’ ಬಂದದ್ದು 1983ರಲ್ಲಿ. ಈ ನಡುವೆ ಬೇಸ್ ನುಡಿಸಿ ಹಾಡು ಬರೆಯುತ್ತಿದ್ದ ರೋಜರ್ ವಾಟರ್ಸ್ ‘ದಿ ವಾಲ್’ನ ಸಿನಿಮಾ ಕೆಲಸದಲ್ಲಿ ಮುಳುಗಿದ್ದರು. ಕ್ರಿಸ್‌ಮಸ್ ಹತ್ತಿರ ಬಂತು ಅಂದರೆ ಕಂಪನಿಗಳಿಗೆ ಏನಾದರೊಂದು ಬೇಕು. ನಮ್ಮಲ್ಲಿ ದೀಪಾವಳಿಗೆ ವಿಶೇಷಾಂಕ ಬಂದ ಹಾಗೆ.

ಒಳಗಿನ ಪರಿಸ್ಥಿತಿಯೂ ಚೆನ್ನಾಗಿರಲಿಲ್ಲ. ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಅವರನ್ನು ‘ದಿ ವಾಲ್’ ರೆಕಾರ್ಡಿಂಗ್ ವೇಳೆಗೇ ತಂಡದಿಂದ ಹೊರಗೆ ಹಾಕಿದ್ದರು. ವೇದಿಕೆಯಲ್ಲಿ ಮಾತ್ರ ಸಂಬಳಕ್ಕೆ ನುಡಿಸಿದರು. ಆ ಪ್ರದರ್ಶನಗಳು ಎಷ್ಟು ದುಬಾರಿಯಾದವು ಅಂದರೆ ಉಳಿದ ಮೂವರಿಗೆ ನಷ್ಟವಾಯಿತು, ಸಂಬಳದ ರೈಟ್‌ಗೆ ಮಾತ್ರ ಕೈಗೆ ಕಾಸು ಸಿಕ್ಕಿತು. 1981ರ ಜೂನ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ಕೊನೆಯ ‘ವಾಲ್’ ಪ್ರದರ್ಶನ ನಡೆಯಿತು. ಅದಾಗಿ ಐದು ತಿಂಗಳಿಗೆ ಈ ಆಲ್ಬಮ್ ಬಂತು. ಮನೆ ಪಾಲಾಗುವ ಹೊತ್ತಿಗೆ ತೆಗೆಸಿದ ಗುಂಪು ಫೋಟೊ ಥರ.

‘ಮನಿ’ಯನ್ನು ಮತ್ತೆ ಯಾಕೆ ರೆಕಾರ್ಡ್ ಮಾಡಿದರು?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಸಂಗೀತದಲ್ಲಿಲ್ಲ, ಕಾಗದಪತ್ರದಲ್ಲಿದೆ.

ಅಮೆರಿಕದಲ್ಲಿ ‘ಡಾರ್ಕ್ ಸೈಡ್’ ಬಂದದ್ದು ಕ್ಯಾಪಿಟಲ್ ಕಂಪನಿಯಿಂದ, 1973ರಲ್ಲಿ. ಅದಾದ ಮೇಲೆ ತಂಡ ಅಲ್ಲಿ ಕೊಲಂಬಿಯಾ ಕಂಪನಿಗೆ ಹೋಯಿತು. 1975ರ ‘ವಿಶ್ ಯು ವರ್ ಹಿಯರ್’ನಿಂದ ಮುಂದಿನದೆಲ್ಲ ಕೊಲಂಬಿಯಾದ್ದು. ಬ್ರಿಟನ್‌ನಲ್ಲಿ ಈ ತೊಡಕು ಇರಲಿಲ್ಲ. ಅಲ್ಲಿ ಈ ಐದೂ ಆಲ್ಬಮ್ ಹಾರ್ವೆಸ್ಟ್ ಲೇಬಲ್ಲಿನವೇ.

ಈಗ ಕೊಲಂಬಿಯಾ ಒಂದು ಸಂಕಲನ ತರಬೇಕು. ‘ಮನಿ’ ಇಲ್ಲದೆ ಪಿಂಕ್ ಫ್ಲಾಯ್ಡ್ ಸಂಕಲನ ಅಂದರೆ ಅಮೆರಿಕದವರು ಮುಖ ನೋಡುತ್ತಾರೆ. ಅಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ಡಿಸ್ಕಾಗಿ ಬಂದು, ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 13ನೇ ಸ್ಥಾನದವರೆಗೆ ಏರಿದ ಹಾಡು ಅದು. ಕ್ಯಾಪಿಟಲ್‌ನವರನ್ನು ಕೇಳಿದರೆ, ಕೊಡುವುದಿಲ್ಲ ಅಂದರು. ಆಗ ತಂಡದ ಗಿಟಾರ್ ವಾದಕ, ಗಾಯಕ ಡೇವಿಡ್ ಗಿಲ್ಮೋರ್ ಸ್ಟುಡಿಯೋಗೆ ಹೋಗಿ ಹಾಡನ್ನೇ ಮತ್ತೊಮ್ಮೆ ಮಾಡಿದರು.

ಹಾಡು ಬರೆದದ್ದೇ ತಂಡದವರು. ಕಂಪನಿ ಹೇಗೆ ತಡೆಯುತ್ತದೆ?

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಬರೆದ ಹಾಡು ಒಂದು, ಅಂದರೆ ಸಾಹಿತ್ಯ ಮತ್ತು ರಾಗ. ಅದನ್ನು ಹಾಡಿ ನುಡಿಸಿ ಟೇಪಿನ ಮೇಲೆ ಹಿಡಿದಿಟ್ಟದ್ದು ಇನ್ನೊಂದು. ಇದಕ್ಕೆ ಮಾಸ್ಟರ್ ಅನ್ನುತ್ತಾರೆ. ಹಾಡು ಬರೆದವರ ಹಕ್ಕು ಬೇರೆ, ಮಾಸ್ಟರ್ ಮೇಲಿನ ಹಕ್ಕು ಬೇರೆ.

ಸಾರಿಗೆ ಹೋಲಿಸಿದರೆ ಸುಲಭ. ಮಾಡುವ ಹದ ಅಜ್ಜಿಯದು. ಆದರೆ ನಿನ್ನೆ ಹೋಟೆಲಿನವರ ಕೈಗೆ ಕೊಟ್ಟ ಪಾತ್ರೆ ಸಾರು ಹೋಟೆಲಿನವರದು. ಅದೇ ಪಾತ್ರೆ ವಾಪಸ್ ಕೊಡಿ ಅಂದರೆ ಕೊಡುವುದಿಲ್ಲ. ಅಜ್ಜಿ ಮತ್ತೆ ಒಲೆ ಹಚ್ಚಿ ಇನ್ನೊಂದು ಪಾತ್ರೆ ಮಾಡಿದರೆ ಅದು ಬೇರೆ ಪಾತ್ರೆ. ಗಿಲ್ಮೋರ್ ಮಾಡಿದ್ದು ಇಷ್ಟೇ.

ನಮಗೆ ಇದು ತೀರಾ ಹೊಸದಲ್ಲ. ಕ್ಯಾಸೆಟ್ ಕಾಲದಲ್ಲಿ ಹಳೆ ಸಿನಿಮಾ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ ಅಗ್ಗಕ್ಕೆ ಮಾರುತ್ತಿದ್ದರು, ನೆನಪಿದೆಯಲ್ವಾ? ಮನೆಗೆ ತಂದು ಹಾಕಿದ ಮೇಲೆ ಗೊತ್ತಾಗುತ್ತಿತ್ತು, ಹಾಡು ಅದೇ, ದನಿ ಬೇರೆ. ಅಲ್ಲಿ ಬೇರೆಯವರು ಬಂದು ಹಾಡುತ್ತಿದ್ದರು. ಇಲ್ಲಿ ಮೊದಲು ಹಾಡಿದವರೇ ತಮ್ಮ ಹಾಡಿನ ನಕಲು ಮಾಡಿದರು. ಈಚೆಗೆ 2021ರಿಂದ ಟೇಲರ್ ಸ್ವಿಫ್ಟ್ ತಮ್ಮ ಹಳೆ ಆಲ್ಬಮ್‌ಗಳನ್ನೇ ಮತ್ತೆ ರೆಕಾರ್ಡ್ ಮಾಡಿದಾಗ ಎಲ್ಲರೂ ಬೆರಗಾದರು. ಮೂಲ ಉಪಾಯ ಹಳೆಯದೇ.

‘ಮೆಡಲ್’ ಕೂಡ ಅಮೆರಿಕದಲ್ಲಿ ಕ್ಯಾಪಿಟಲ್ ಕೈಯಲ್ಲೇ ಇತ್ತಲ್ಲ? ‘ಒನ್ ಆಫ್ ದೀಸ್ ಡೇಸ್’ ಹೇಗೆ ಬಂತು?

ಒಳ್ಳೆ ಪ್ರಶ್ನೆ. ಹೌದು, ಅದೂ ಅವರ ಕಾಲದ್ದೇ. ಆದರೂ ಅದು ಮೂಲ ರೂಪದಲ್ಲೇ ಇದೆ. ಎರಡರ ನಡುವಿನ ಬೆಲೆಯ ಅಂತರ ನೋಡಿದರೆ ಕಾರಣ ಊಹಿಸಬಹುದು. ‘ಡಾರ್ಕ್ ಸೈಡ್’ 1973ರಿಂದ 1988ರ ನಡುವೆ ಒಟ್ಟು 741 ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿತ್ತು. ಬಂಗಾರದ ಮೊಟ್ಟೆ ಇಡುವ ಕೋಳಿಯನ್ನು ಪಕ್ಕದ ಮನೆಗೆ ಯಾರು ಸಾಲ ಕೊಡುತ್ತಾರೆ?

ಎರಡು ವರ್ಷ ಬಿಟ್ಟು, 1983ರಲ್ಲಿ, ಕ್ಯಾಪಿಟಲ್‌ನವರು ತಮ್ಮಲ್ಲಿದ್ದ ಟೇಪುಗಳಿಂದ ‘ವರ್ಕ್ಸ್’ ಅಂತ ತಮ್ಮದೇ ಸಂಕಲನ ತಂದರು. ಅದು ಸಂಗ್ರಹ ಮಾಡುವ ಹುಚ್ಚು ಇದ್ದವರಿಗೆ ಮಾತ್ರ.

ಹೊಸ ‘ಮನಿ’ಯಲ್ಲಿ ಯಾರು ಯಾರು ನುಡಿಸಿದ್ದಾರೆ?

ಗಿಲ್ಮೋರ್, ಗಿಲ್ಮೋರ್, ಗಿಲ್ಮೋರ್, ಮತ್ತೆ ಡಿಕ್ ಪ್ಯಾರಿ.

ಗಿಟಾರು, ಬೇಸ್, ಕೀಬೋರ್ಡ್, ಡ್ರಮ್ಸ್, ಹಾಡಿಕೆ ಎಲ್ಲವೂ ಗಿಲ್ಮೋರ್ ಅವರದೇ. ಜೇಮ್ಸ್ ಗಥ್ರಿ ಜೊತೆ ಸೇರಿ ನಿರ್ಮಾಣ ಮಾಡಿದ್ದೂ ಅವರೇ. ಹೊರಗಿನಿಂದ ಕರೆದದ್ದು ಸ್ಯಾಕ್ಸೊಫೋನಿಗೆ ಪ್ಯಾರಿ ಅವರನ್ನು ಮಾತ್ರ. ಇವರು ಕೇಂಬ್ರಿಡ್ಜ್‌ನ ಹಳೆ ಸ್ನೇಹಿತ, 1973ರ ರೆಕಾರ್ಡಿಂಗ್‌ನಲ್ಲೂ ಸ್ಯಾಕ್ಸ್ ಊದಿದವರು.

ತಮಾಷೆ ನೋಡಿ. ‘ಮನಿ’ ಬರೆದವರು ವಾಟರ್ಸ್. ಎಲ್ಲರೂ ಗುನುಗುವ ಆ ಬೇಸ್ ಗಿಟಾರಿನ ತುಣುಕೂ ಅವರದೇ. 1981ರ ರೂಪದಲ್ಲಿ ವಾಟರ್ಸ್ ಇಲ್ಲ, ಡ್ರಮ್ಮರ್ ನಿಕ್ ಮೇಸನ್ ಇಲ್ಲ, ರೈಟ್ ಇಲ್ಲ. ಕವರಿನ ಮೇಲೆ ಮಾತ್ರ ಪಿಂಕ್ ಫ್ಲಾಯ್ಡ್ ಅಂತಿದೆ.

ಎರಡರ ನಡುವಿನ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದಾ?

ಮೊದಲು ಯಾವುದನ್ನು ಕೇಳಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ನನಗೆ ಅಣ್ಣನ ಕ್ಯಾಸೆಟ್ಟೇ ಮೊದಲ ಗುರು. ಹಾಗಾಗಿ ಎಷ್ಟೋ ವರ್ಷ 1981ರ ‘ಮನಿ’ಯೇ ನನ್ನ ಪಾಲಿಗೆ ‘ಮನಿ’. ಮುಂದೆ ಸ್ನೇಹಿತನ ರೂಮಿನಲ್ಲಿ ‘ಡಾರ್ಕ್ ಸೈಡ್’ ಸೀಡಿ ಹಾಕಿದಾಗ, “ಏನೋ ಸರಿ ಇಲ್ಲ, ಇದು ಡೂಪ್ಲಿಕೇಟ್ ಸೀಡಿ ಕಣೋ” ಅಂತ ವಾದ ಮಾಡಿದ್ದೆ. ಡೂಪ್ಲಿಕೇಟ್ ಇದ್ದದ್ದು ನನ್ನ ಹತ್ತಿರ. ಇವತ್ತಿಗೂ ಅವನು ಅದನ್ನು ಎತ್ತಿ ಆಡುತ್ತಾನೆ.

ಹೆಡ್‌ಫೋನ್ ಹಾಕಿಕೊಂಡು ಒಂದಾದ ಮೇಲೊಂದು ಕೇಳಿ. ಮೊದಲು ಡ್ರಮ್ಸ್‌ಗೆ ಗಮನ ಕೊಡಿ. ಮೇಸನ್ ಹೊಡೆತದಲ್ಲಿ ಒಂದು ಸಡಿಲ ನಡಿಗೆ ಇದೆ, ಕೈಬೀಸಿಕೊಂಡು ಹೋಗುವವರ ಥರ. ಗಿಲ್ಮೋರ್ ಹೊಡೆತ ಅಚ್ಚುಕಟ್ಟು, ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಆಮೇಲೆ ಗಿಟಾರ್ ಸೋಲೋ. ಕೈ ಅದೇ, ಆದರೆ ಎಂಟು ವರ್ಷ ದೊಡ್ಡದಾದ ಕೈ. ಸ್ಯಾಕ್ಸ್ ಕೂಡ ಅದೇ ಉಸಿರು, ವಾಕ್ಯ ಮಾತ್ರ ಬೇರೆ.

ನನ್ನನ್ನು ಕೇಳಿದರೆ ಹೊಸದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಎಲ್ಲ ಸರಿ ಇದೆ. ಆದರೆ ನಾಲ್ಕು ಜನ ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸುವಾಗ ಒಂದು ಎಳೆದಾಟ ಇರುತ್ತದೆ. ಒಬ್ಬ ಕೊಂಚ ಮುಂದೆ, ಇನ್ನೊಬ್ಬ ಕೊಂಚ ಹಿಂದೆ. ಒಬ್ಬರೇ ಎಲ್ಲ ನುಡಿಸಿದಾಗ ಅದು ಎಲ್ಲಿಂದ ಬರಬೇಕು? ಜಗಳವಾಡಲು ಎದುರಿಗೆ ಯಾರೂ ಇಲ್ಲ.

ಏಳರ ತಾಳ ಅಂದಿರಿ, ಅದೇನು?

‘ಮನಿ’ಯ ಮುಖ್ಯ ಭಾಗ ಏಳು ಎಣಿಕೆಯದು. ಪಾಶ್ಚಾತ್ಯ ರಾಕ್‌ನಲ್ಲಿ ನಾಲ್ಕರ ಲೆಕ್ಕವೇ ರೂಢಿ, ಹಾಗಾಗಿ ಅಲ್ಲಿನವರಿಗೆ ಇದು ದೊಡ್ಡ ಸಾಹಸ. ಮೃದಂಗದ ಪಾಠಕ್ಕೆ ಹೋದ ಮಕ್ಕಳು ಮಿಶ್ರ ಚಾಪುವಿನಲ್ಲಿ ತಕಿಟ ತಕಧಿಮಿ ಅಂತ ದಿನಾ ಏಳು ಎಣಿಸುತ್ತಾರೆ. ಒಳಗಿನ ವಿಭಾಗ ಬೇರೆ ಥರ ಇರಬಹುದು, ಏಳರ ಸುತ್ತು ನಮ್ಮ ಕಿವಿಗೆ ಅಪರಿಚಿತ ಅಲ್ಲ. ಕೈಯಲ್ಲಿ ತಾಳ ಹಾಕಿ ನೋಡಿ. ಸ್ಯಾಕ್ಸ್ ಮುಗಿದು ಗಿಟಾರ್ ಸೋಲೋ ಶುರುವಾದಾಗ ಹಾಡು ನಾಲ್ಕರ ಲೆಕ್ಕಕ್ಕೆ ಇಳಿಯುತ್ತದೆ. ಅಲ್ಲಿ ನಿಮ್ಮ ಕೈ ತಪ್ಪುತ್ತದೆ. ಸೋಲೋ ಮುಗಿದ ಮೇಲೆ ಮತ್ತೆ ಏಳು. 1981ರಲ್ಲೂ ಇದೇ ಲೆಕ್ಕ.

ಶುರುವಿನ ಗಲ್ಲಾಪೆಟ್ಟಿಗೆ, ನಾಣ್ಯಗಳ ಸದ್ದಿನಲ್ಲೂ ಏಳೇ ಇದೆ. 1973ರ ರೆಕಾರ್ಡಿಂಗ್‌ಗೆ ಏಳು ಸದ್ದುಗಳ ಟೇಪನ್ನು ಅಡಿಪಟ್ಟಿಯಲ್ಲಿ ಅಳೆದು, ಒಂದೇ ಉದ್ದಕ್ಕೆ ಕತ್ತರಿಸಿ, ಅಂಟಿಸಿ, ಉಂಗುರದ ಥರ ಸುತ್ತಿಸಿದ್ದರು. ಹೆಂಡತಿ ಮಡಕೆ ಮಾಡಲು ಮಣ್ಣು ಕಲಸುತ್ತಿದ್ದ ಬಟ್ಟಲಿಗೆ ವಾಟರ್ಸ್ ಚಿಲ್ಲರೆ ಎಸೆದು ಆ ನಾಣ್ಯಗಳ ಸದ್ದು ಹಿಡಿದರು. ಇವತ್ತು ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. ಆಗ ಬ್ಲೇಡು, ಅಂಟು ಪಟ್ಟಿ, ತಾಳ್ಮೆ.

‘ಶೈನ್ ಆನ್’ ಯಾಕೆ ಅರ್ಧಂಬರ್ಧ ಇದೆ?

ಮೂಲ ಹಾಡು ಒಂಬತ್ತು ಭಾಗದ್ದು, ಒಟ್ಟು ಸುಮಾರು 26 ನಿಮಿಷ. 1975ರ ಆಲ್ಬಮ್‌ನಲ್ಲಿ ಅದನ್ನು ಎರಡಾಗಿ ಸೀಳಿ, ಅರ್ಧವನ್ನು ಶುರುವಿಗೆ, ಅರ್ಧವನ್ನು ಕೊನೆಗೆ ಇಟ್ಟಿದ್ದಾರೆ. ಇದನ್ನು ಒಂದು ಬದಿಗೆ, ಇನ್ನೆರಡು ಹಾಡಿನ ಜೊತೆ, ತುರುಕುವುದು ಹೇಗೆ? ಕತ್ತರಿ ಹಾಕಿದರು. ಮೊದಲ ಅರ್ಧದ ಆರಂಭ ಮತ್ತು ಹಾಡಿಕೆಗೆ, ಎರಡನೇ ಅರ್ಧದ ಹಾಡಿಕೆಯನ್ನು ನೇರವಾಗಿ ಜೋಡಿಸಿದರು. ಹತ್ತೂವರೆ ನಿಮಿಷಕ್ಕೆ ಮುಗಿಯುತ್ತದೆ.

ಇಲ್ಲಿ ನನಗೆ ಸ್ವಲ್ಪ ಬೇಜಾರಿದೆ. ಈ ಹಾಡು ಇರುವುದೇ ಕಾಯಿಸುವುದಕ್ಕೆ. ರೈಟ್ ಅವರ ಸಿಂಥಸೈಸರ್ ಮಂಜಿನ ಹಾಗೆ ಹರಡುತ್ತದೆ. ಗಿಲ್ಮೋರ್ ಗಿಟಾರಿನ ನಾಲ್ಕು ಸ್ವರ ಬರುತ್ತವೆ, ಮತ್ತೆ ಮೌನ. ತಂಡ ಕಟ್ಟಿ, ಮನಸ್ಸು ಕೆಟ್ಟು, 1968ರಲ್ಲಿ ಹೊರಗೆ ಹೋದ ಸಿಡ್ ಬ್ಯಾರೆಟ್ ನೆನಪಿಗೆ ಬರೆದ ಹಾಡು. 1975ರ ಜೂನ್ 5ರಂದು ಇದರ ಕೆಲಸ ನಡೆಯುತ್ತಿದ್ದಾಗ ಅದೇ ಸಿಡ್ ಆಬೀ ರೋಡ್ ಸ್ಟುಡಿಯೋಗೆ ಬಂದು ನಿಂತಿದ್ದರು. ತಲೆ, ಹುಬ್ಬು ಬೋಳಿಸಿಕೊಂಡು, ಮೈ ಬಂದು, ಹಳೆ ಗೆಳೆಯರಿಗೇ ಗುರುತು ಸಿಗದಷ್ಟು ಬದಲಾಗಿದ್ದರು. ಅಂಥ ಹಾಡಿಗೆ ಅವಸರ ಒಪ್ಪುವುದಿಲ್ಲ.

ಹಾಗಾದರೆ ಉದ್ದುದ್ದ, ಒಂದಕ್ಕೊಂದು ಹೊಂದಿಕೊಂಡ ಹಾಡು ಕಟ್ಟುವ ಪ್ರೋಗ್ರೆಸಿವ್ ರಾಕ್ (ಪ್ರೋಗ್) ತಂಡಕ್ಕೆ ಇಂಥ ಸಂಕಲನವೇ ಸರಿಹೊಂದುವುದಿಲ್ಲವಾ?

ಕಷ್ಟ ಅಂತೂ ಹೌದು. ಇಡೀ ರಾತ್ರಿಯ ಯಕ್ಷಗಾನದಿಂದ ಒಂದು ಪದ್ಯ ಎತ್ತಿ ಹತ್ತು ನಿಮಿಷ ತೋರಿಸಿದ ಹಾಗೆ. ಪದ್ಯ ಚೆನ್ನಾಗಿಯೇ ಇರುತ್ತದೆ, ಆದರೆ ಹಿಂದೆ ಮುಂದೆ ಗೊತ್ತಾಗುವುದಿಲ್ಲ. ‘ಡಾರ್ಕ್ ಸೈಡ್’ನಲ್ಲಿ ‘ಮನಿ’ ಕರಗುತ್ತಾ ಹೋಗಿ ‘ಅಸ್ ಆ್ಯಂಡ್ ದೆಮ್’ ಆಗುತ್ತದೆ. ಇಲ್ಲಿ ಅದಾದ ಮೇಲೆ ‘ಶೀಪ್’. ದುಡ್ಡಿನಿಂದ ಸೀದಾ ಕುರಿ ಹಟ್ಟಿಗೆ! ಯೋಚಿಸಿದರೆ ಅದೂ ಒಂಥರಾ ಸರಿಯೇ.

‘ಶೀಪ್’ ಬದಲಾಗಿದೆಯಾ?

ಇಲ್ಲ. 1977ರಲ್ಲಿ ಇದ್ದ ಹಾಗೇ, ಹತ್ತು ನಿಮಿಷ ಪೂರ್ತಿ ಇದೆ. ಇಷ್ಟು ಉದ್ದದ್ದನ್ನು ಕತ್ತರಿಸದೆ ಬಿಟ್ಟವರು ‘ಶೈನ್ ಆನ್’ಗೆ ಯಾಕೆ ಕೈ ಹಾಕಿದರೋ.

‘ಅನದರ್ ಬ್ರಿಕ್’ನಲ್ಲಿ ಏನು ಮಾಡಿದ್ದಾರೆ?

ಆಲ್ಬಮ್‌ನಲ್ಲಿ ಈ ಹಾಡು ಅದರ ಹಿಂದಿನ ಹಾಡಿಗೆ ಅಂಟಿಕೊಂಡಿದೆ, ಒಂದು ಕಿರುಚಾಟದ ಬೆನ್ನಿಗೇ ಶುರುವಾಗುತ್ತದೆ. ರೇಡಿಯೋಗಾಗಿ ಮಾಡಿದ ಸಿಂಗಲ್‌ಗೆ ಬೇರೆ ಆರಂಭ ಕೊಟ್ಟಿದ್ದರು. ಸಂಕಲನದಲ್ಲಿ ಸಿಂಗಲ್‌ನ ತಲೆ, ಆಲ್ಬಮ್‌ನ ಬಾಲ. ಕೊನೆಯ ಮೇಷ್ಟ್ರ ಬೈಗುಳ, ಶಾಲೆಯ ಗಲಾಟೆ ಸಿಂಗಲ್‌ನಲ್ಲಿ ಇರಲಿಲ್ಲ, ಇಲ್ಲಿ ಇದೆ. ಎರಡರಲ್ಲೂ ಒಳ್ಳೆಯದು ತೆಗೆದು ಮಾಡಿದ ಜೋಡಣೆ. ನನ್ನ ಮಟ್ಟಿಗೆ ಒಂಟಿಯಾಗಿ ಕೇಳಲು ಇದೇ ಸರಿಯಾದ ರೂಪ.

ಕುಣಿತದ ವಿಷಯ ಹೇಳುತ್ತೇನೆ ಅಂದಿದ್ದೆ. ‘ದಿ ವಾಲ್’ನ ನಿರ್ಮಾಪಕರಲ್ಲಿ ಒಬ್ಬರಾದ ಬಾಬ್ ಎಜ್ರಿನ್ ಈ ಹಾಡಿಗೆ ಡಿಸ್ಕೊ ತಾಳ ಹಾಕಿ ಅಂದರು. ಗಿಲ್ಮೋರ್ ಅವರಿಗೆ, ಕ್ಲಬ್ಬಿಗೆ ಹೋಗಿ ಡಿಸ್ಕೊ ಕೇಳಿಕೊಂಡು ಬಾ ಅಂತಲೂ ಹೇಳಿದ್ದರು. ಹೋಗಿ ಕೇಳಿ ಬಂದ ಗಿಲ್ಮೋರ್‌ಗೆ ಅದು ಸ್ವಲ್ಪವೂ ಹಿಡಿಸಲಿಲ್ಲ, ಆದರೂ ಒಪ್ಪಿದರು. ಮಕ್ಕಳ ದನಿ ಸ್ಟುಡಿಯೋ ಹತ್ತಿರದ ಇಸ್ಲಿಂಗ್ಟನ್ ಗ್ರೀನ್ ಶಾಲೆಯ 23 ಮಕ್ಕಳದು. ಅದನ್ನೇ ಮೇಲಿಂದ ಮೇಲೆ ಸೇರಿಸಿ ದೊಡ್ಡ ಗುಂಪಿನ ಹಾಗೆ ಕೇಳಿಸಿದರು. 1979ರ ಕ್ರಿಸ್‌ಮಸ್‌ಗೆ ಬ್ರಿಟನ್‌ನಲ್ಲಿ, 1980ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ. ಅವರಿಗೆ ಎರಡೂ ಕಡೆ ಸಿಕ್ಕ ಒಂದೇ ನಂಬರ್ ಒನ್ ಸಿಂಗಲ್ ಇದು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಶಾಲೆಗಳ ವಿರುದ್ಧ ಮಕ್ಕಳು ಹಾಡಲು ಶುರುಮಾಡಿದ ಮೇಲೆ ಅಲ್ಲಿನ ಸರ್ಕಾರ 1980ರಲ್ಲಿ ನಿಷೇಧಿಸಿತು.

ಕವರ್ ಮೇಲಿನ ಜೋಡಿ ಏನು ಮಾಡುತ್ತಿದ್ದಾರೆ?

ಬಯಲಿನಲ್ಲಿ ಒಂದು ಗಂಡು, ಒಂದು ಹೆಣ್ಣು ಬಾಲ್‌ರೂಮ್ ನೃತ್ಯದ ಭಂಗಿಯಲ್ಲಿ ನಿಂತಿದ್ದಾರೆ. ಹತ್ತಿರದಿಂದ ನೋಡಿದರೆ ಅವರನ್ನು ಹಗ್ಗಗಳಿಂದ ನೆಲಕ್ಕೆ ಬಿಗಿದಿದ್ದಾರೆ. ಡೇರೆಗೆ ಗೂಟ ಹೊಡೆದು ಹಗ್ಗ ಕಟ್ಟುತ್ತಾರಲ್ಲ, ಹಾಗೆ. ಕುಣಿಯುವ ಭಂಗಿ, ಆದರೆ ಕದಲುವ ಹಾಗಿಲ್ಲ. ಸ್ಟಾರ್ಮ್ ಥಾರ್ಗರ್ಸನ್ ಮತ್ತು ಅವರ ಜೊತೆಗಾರರ ಕೆಲಸ. ‘ಡಾರ್ಕ್ ಸೈಡ್’ನ ತ್ರಿಕೋನದ ಹಿಂದೆ ಇದ್ದದ್ದೂ ಇವರ ಹಿಪ್‌ನೋಸಿಸ್ ಸಂಸ್ಥೆಯೇ. ಸಣ್ಣ ಸೀಡಿ ಕವರಿನಲ್ಲಿ ಹಗ್ಗ ಸರಿಯಾಗಿ ಕಾಣುವುದಿಲ್ಲ, ಎಲ್‌ಪಿಯಲ್ಲೇ ನೋಡಬೇಕು.

ಆಗ ಚೆನ್ನಾಗಿ ಓಡಿತಾ?

ಅವರ ಲೆಕ್ಕದಲ್ಲಿ ಸಾಧಾರಣ. ಅಮೆರಿಕದ ಪಟ್ಟಿಯಲ್ಲಿ 31ನೇ ಸ್ಥಾನ, ಬ್ರಿಟನ್‌ನಲ್ಲಿ 37.

ಹೊಸದಾಗಿ ಕೇಳುವವರು ಇದರಿಂದ ಶುರು ಮಾಡಬಹುದಾ?

ಬೇಡ. ಸಂಕಲನವೇ ಬೇಕು ಅಂದರೆ 2001ರ ‘ಎಕೋಸ್’ ತೆಗೆದುಕೊಳ್ಳಿ. ಎರಡು ಸೀಡಿ, 26 ಹಾಡು, ಸಿಡ್ ಕಾಲದಿಂದ 1994ರವರೆಗೆ. ಒಂದು ಹಾಡು ಇನ್ನೊಂದಕ್ಕೆ ಹರಿದು ಹೋಗುವ ಹಾಗೆ ಗಥ್ರಿ ಜೋಡಿಸಿದ್ದಾರೆ. ಅದಕ್ಕಿಂತ ಒಳ್ಳೆಯದು ‘ವಿಶ್ ಯು ವರ್ ಹಿಯರ್’ ಆಲ್ಬಮ್ಮನ್ನು ಪೂರ್ತಿ, ಫೋನ್ ಪಕ್ಕಕ್ಕಿಟ್ಟು, ಒಮ್ಮೆ ಕೇಳುವುದು. ‘ಡ್ಯಾನ್ಸ್ ಸಾಂಗ್ಸ್’ ಆಮೇಲೆ, ಅದೂ ‘ಮನಿ’ಗಾಗಿ.

ಹಳೆ ಎಲ್‌ಪಿ ಕೊಳ್ಳಬಹುದಾ?

ಕೊಳ್ಳಿ, ಆದರೆ ಹಾಕಿ ಕೇಳಿ ಕೊಳ್ಳಿ. “ಹೊಸದರ ಥರಾನೇ ಇದೆ ಸಾರ್” ಅಂದ ಮಾರಾಟಗಾರರನ್ನು ನಂಬಿ ನಾನೊಂದು ತರಿಸಿಕೊಂಡೆ. ‘ವಿಶ್ ಯು ವರ್ ಹಿಯರ್’ ಶುರುವಿನಲ್ಲಿ ಹಳೆ ರೇಡಿಯೋದಿಂದ ಬರುವ ಹಾಗೆ ಗಿಟಾರ್ ಕೇಳಿಸುತ್ತದಲ್ಲ, ನನ್ನ ಡಿಸ್ಕಿನಲ್ಲಿ ಆ ಗರಗರ ಹಾಡು ಮುಗಿಯುವವರೆಗೂ ನಿಲ್ಲಲೇ ಇಲ್ಲ. ಮೊದಲು ಅದೂ ಹಾಡಿನ ಭಾಗ ಅಂದುಕೊಂಡೆ. ವಾಪಸ್ ಕೊಡಲು ಹೋದರೆ, ಅದು ಹಾಗೇ ಬರೋದು ಸಾರ್ ಅಂದರು! 2017ರಲ್ಲಿ ಹೊಸದಾಗಿ ಮತ್ತೆ ವಿನೈಲ್ ಅಚ್ಚು ಹಾಕಿದ್ದಾರೆ. ಅದು ಸಿಕ್ಕರೆ ತಲೆನೋವು ಕಡಿಮೆ.

ಬೇರೆ ಪ್ರೋಗ್ ತಂಡಗಳೂ ಹಳೆ ಹಾಡನ್ನು ಹೀಗೆ ಮತ್ತೆ ಮಾಡಿವೆಯಾ?

ಬೇಕಾದಷ್ಟು. ಆದರೆ ಕಾರಣ ಬೇರೆ ಬೇರೆ.

ಜೆನೆಸಿಸ್ 1999ರ ತಮ್ಮ ಸಂಕಲನಕ್ಕಾಗಿ 1974ರ ‘ಕಾರ್ಪೆಟ್ ಕ್ರಾಲರ್ಸ್’ ಹಾಡನ್ನು ಹೊಸದಾಗಿ ಮಾಡಿದರು. ಬಿಟ್ಟುಹೋಗಿದ್ದ ಪೀಟರ್ ಗೇಬ್ರಿಯಲ್ ಮತ್ತು ಅವರ ಜಾಗಕ್ಕೆ ಬಂದ ಫಿಲ್ ಕಾಲಿನ್ಸ್ ಇಬ್ಬರೂ ಒಂದೇ ಹಾಡಿನಲ್ಲಿ ಹಾಡಿದ್ದಾರೆ. ಹಳೆ ಮನೆಯವರನ್ನು ಒಂದು ದಿನದ ಮಟ್ಟಿಗೆ ಸೇರಿಸುವ ನೆಪ ಅದು. ಮಾರಿಲಿಯನ್ 2009ರ ‘ಲೆಸ್ ಈಸ್ ಮೋರ್’ನಲ್ಲಿ ತಮ್ಮ ಹಾಡುಗಳ ವಿದ್ಯುತ್ತು ಕಿತ್ತು, ಅಕೂಸ್ಟಿಕ್ ವಾದ್ಯಗಳಲ್ಲಿ ಮತ್ತೆ ಕಟ್ಟಿದರು. ಕೆಲವು ಹಾಡು ಗುರುತೇ ಸಿಗುವುದಿಲ್ಲ, ಅದೇ ಅದರ ಚೆಂದ. ದಿ ಪೈನಾಪಲ್ ಥೀಫ್ ತಂಡದವರದು ಇನ್ನೊಂದು ದಾರಿ. ಗ್ಯಾವಿನ್ ಹ್ಯಾರಿಸನ್ ಅವರಂಥ ಡ್ರಮ್ಮರ್ ತಂಡಕ್ಕೆ ಸೇರಿದ ಮೇಲೆ, ಅವರು ಬರುವ ಮೊದಲಿನ ಹಾಡುಗಳನ್ನು ಅವರ ಕೈಯಲ್ಲಿ ಹೊಸದಾಗಿ ನುಡಿಸಿ 2022ರಲ್ಲಿ ‘ಗಿವ್ ಇಟ್ ಬ್ಯಾಕ್’ ತಂದರು.

ಇವರೆಲ್ಲ ಹಾಡನ್ನು ಬದಲಿಸಬೇಕು ಅಂತ ಮತ್ತೆ ಮಾಡಿದವರು. ಗಿಲ್ಮೋರ್ 1981ರಲ್ಲಿ ಮಾಡಿದ್ದು ತಿರುಗುಮುರುಗು. ಹಾಡು ಆದಷ್ಟೂ ಬದಲಾಗಬಾರದು ಅಂತ ಮತ್ತೆ ಮಾಡಿದರು.

ಪಿಂಕ್ ಫ್ಲಾಯ್ಡ್‌ನವರು ಆಮೇಲೆ ಮತ್ತೆ ಹಳೆ ಕೆಲಸಕ್ಕೆ ಕೈ ಹಾಕಿದರಾ?

ಹಾಕಿದರು. 1987ರ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ನಲ್ಲಿ ಡ್ರಮ್ ಮೆಷಿನ್, ಬಾಡಿಗೆ ಡ್ರಮ್ಮರ್‌ಗಳೇ ಜಾಸ್ತಿ. 2019ರ ‘ದಿ ಲೇಟರ್ ಇಯರ್ಸ್’ ಪೆಟ್ಟಿಗೆಯಲ್ಲಿ ಅದರ ಹೊಸ ರೂಪ ಬಂತು, 2021ರಲ್ಲಿ ಬಿಡಿಯಾಗಿಯೂ ಸಿಕ್ಕಿತು. ಮೇಸನ್ ಹೊಸದಾಗಿ ಡ್ರಮ್ಸ್ ನುಡಿಸಿದರು. ಆ ಹೊತ್ತಿಗೆ ತೀರಿಕೊಂಡಿದ್ದ ರೈಟ್ ಅವರ ಕೀಬೋರ್ಡನ್ನು ಹಳೆ ವೇದಿಕೆ ರೆಕಾರ್ಡಿಂಗ್‌ಗಳಿಂದ ತೆಗೆದು ಸೇರಿಸಿದರು. 1981ರಲ್ಲಿ ತಂಡ ಇಲ್ಲದ ‘ಮನಿ’ ಮಾಡಿದ ಗಿಲ್ಮೋರ್, ಇಲ್ಲಿ ತಂಡವನ್ನು ಹುಡುಕಿ ತಂದು ಕೂರಿಸಿದರು.

ಇನ್ನೊಂದು ಕಡೆ ವಾಟರ್ಸ್. ‘ಡಾರ್ಕ್ ಸೈಡ್’ಗೆ 50 ವರ್ಷ ತುಂಬಿದ 2023ರಲ್ಲಿ, ತಮಗೆ 80 ತುಂಬಿದ ಮರು ತಿಂಗಳೇ, ಇಡೀ ಆಲ್ಬಮ್ಮನ್ನು ಹಳೆ ತಂಡದವರಿಲ್ಲದೆ ‘ರೀಡಕ್ಸ್’ ಅಂತ ಮತ್ತೆ ಮಾಡಿ ಬಿಟ್ಟರು. ಅಲ್ಲಿನ ‘ಮನಿ’ ನಿಧಾನ. ಅರ್ಧ ಮಾತು, ಅರ್ಧ ಗೊಣಗಾಟ. ಗಿಟಾರ್ ಸೋಲೋ ಇಲ್ಲ. ಹೀಗೆ ಒಂದೇ ಹಾಡಿಗೆ ಮೂರು ಸ್ಟುಡಿಯೋ ರೂಪ ಆಯಿತು. ನಾಲ್ವರದ್ದು ಒಂದು, ಗಿಲ್ಮೋರ್ ಅವರದ್ದು ಒಂದು, ವಾಟರ್ಸ್ ಅವರದ್ದು ಒಂದು. ಬಿಡುವಿದ್ದಾಗ ಮೂರನ್ನೂ ಸಾಲಾಗಿ ಕೇಳಿ.

ಈಗಲೂ ಆ ಕ್ಯಾಪಿಟಲ್ ಮತ್ತು ಕೊಲಂಬಿಯಾ ಗೋಡೆ ಇದೆಯಾ?

ಇಲ್ಲ. 2024ರ ಅಕ್ಟೋಬರ್‌ನಲ್ಲಿ ತಂಡದ ರೆಕಾರ್ಡಿಂಗ್‌ಗಳ ಹಕ್ಕನ್ನು ಸೋನಿ ಕೊಂಡಿತು. ಕೊಲಂಬಿಯಾ ಈಗ ಸೋನಿಯದೇ. ಸುಮಾರು 40 ಕೋಟಿ ಡಾಲರ್ ಅಂತ ಪತ್ರಿಕೆಗಳು ಬರೆದವು. ಹಾಡು ಬರೆದ ಹಕ್ಕು ಆ ವ್ಯವಹಾರದಲ್ಲಿ ಸೇರಿಲ್ಲ. ಪಾತ್ರೆ ಹೋಯಿತು, ಸಾರಿನ ಹದ ಇನ್ನೂ ಅಜ್ಜಿ ಹತ್ತಿರವೇ ಇದೆ.

ಈ ಹಾಡುಗಳನ್ನು ಬೆಂಗಳೂರಿನಲ್ಲಿ ಯಾರಾದರೂ ನುಡಿಸಿದ್ದಾರಾ?

ಇಲ್ಲಿನ ಹುಡುಗರ ತಂಡಗಳು ಕಾಲೇಜು ಫೆಸ್ಟುಗಳಲ್ಲಿ ನುಡಿಸಿದ್ದಕ್ಕೆ ಲೆಕ್ಕವೇ ಇಲ್ಲ. ಬರೆದವರೇ ಬಂದದ್ದು 2002ರಲ್ಲಿ. ಅರಮನೆ ಮೈದಾನದಲ್ಲಿ ವಾಟರ್ಸ್ ತಮ್ಮ ತಂಡದ ಜೊತೆ ನುಡಿಸಿದರು. ‘ಶೈನ್ ಆನ್’, ‘ವಿಶ್ ಯು ವರ್ ಹಿಯರ್’, ‘ಅನದರ್ ಬ್ರಿಕ್’, ‘ಮನಿ’ ಎಲ್ಲ ಆ ಪ್ರವಾಸದ ಪಟ್ಟಿಯಲ್ಲಿದ್ದವು.

ನಾಲ್ವರೂ ಸೇರಿ ‘ಮನಿ’ಯನ್ನು ಮತ್ತೆ ಯಾವತ್ತಾದರೂ ನುಡಿಸಿದರಾ?

1977ರ ಪ್ರವಾಸದಲ್ಲಿ ಕಾರ್ಯಕ್ರಮದ ಕೊನೆಗೆ ಜನ ಮತ್ತೆ ಕೇಳಿದಾಗ ‘ಮನಿ’ ನುಡಿಸುತ್ತಿದ್ದರು. ಆಮೇಲೆ 28 ವರ್ಷ ಇಲ್ಲ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ, ಲೈವ್ 8 ಕಾರ್ಯಕ್ರಮದಲ್ಲಿ, ನಾಲ್ವರೂ ಒಂದೇ ವೇದಿಕೆ ಹತ್ತಿದರು. ಎರಡನೆಯದಾಗಿ ‘ಮನಿ’ ಬಂತು. ಏಳರ ಲೆಕ್ಕ, ವಾಟರ್ಸ್ ಬೇಸ್, ಮೇಸನ್‌ರ ಅದೇ ಸಡಿಲ ನಡಿಗೆ. ಸ್ಯಾಕ್ಸ್ ಊದಲು ಡಿಕ್ ಪ್ಯಾರಿಯೂ ಬಂದಿದ್ದರು. ಮೂರು ವರ್ಷ ಕಳೆದು, 2008ರ ಸೆಪ್ಟೆಂಬರ್‌ನಲ್ಲಿ ರೈಟ್ ತೀರಿಕೊಂಡರು.